ಬಾಯಿ ಮಾಡುವ ಮುಂಚೆ ಮೀಟರ್ ಹಿಡಿ

ಚಿ. ರಂಗನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ನೀನು, ಅಕ್ಕ, ಭಾವ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

ಪಂಪ್‌ಸೆಟ್ ರಿಪೇರಿ ಅಂಗಡಿಯ ಹೊಣೆ ಪೂರ್ತಿ ನಿನ್ನ ಹೆಗಲಿಗೆ ಬಂದಿದೆ. ಶಿರಾ ಕಡೆ ಬೇಸಿಗೆಯಲ್ಲಿ ಆ ಹೊಣೆ ಎಷ್ಟು ಭಾರ ಎಂದು ನನಗೆ ಗೊತ್ತು. ಬೆಳಿಗ್ಗೆ ಆರಕ್ಕೇ ಫೋನ್ ಶುರು, ಒಬ್ಬರ ಅಡಿಕೆ ಬಾಡುತ್ತಿದೆ, ಇನ್ನೊಬ್ಬರ ಹಸುಗಳಿಗೆ ನೀರಿಲ್ಲ, ತ್ರೀ ಫೇಸ್ ಕರೆಂಟ್ ಇರುವುದು ಏಳು ಗಂಟೆ, ಅಷ್ಟರೊಳಗೆ ಎಲ್ಲ ಕಡೆ ಮೋಟಾರ್ ಓಡಬೇಕು. ಈ ಒತ್ತಡದಲ್ಲಿ ನಿನ್ನ ಬಾಯಿ ಸೈಟಿನಲ್ಲಿ ಕೆಟ್ಟಿದೆ, ಹುಡುಗರನ್ನು ಬಾಯಿಗೆ ಬಂದಂತೆ ಬೈಯುತ್ತೀಯ ಎಂದು ಅಕ್ಕ ಹೇಳಿದಳು. ಫೋನಿನಲ್ಲಿ ಹೇಳಿದರೆ ಹ್ಞೂಂ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಕೂತು ಓದು.

ಮೊದಲು ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಪೈಪ್ ರೆಂಚ್ ಜಾರಿ ಬೆರಳಿನ ಗೆಣ್ಣು ಸುಲಿದಾಗ ಬಾಯಿಂದ ಒಂದು ಮಾತು ಬಂದರೆ ನನಗೇನೂ ಅನ್ನಿಸುವುದಿಲ್ಲ. ಆ ಮಾತು ರೆಂಚಿಗೆ ಹೋಗುತ್ತದೆ, ಗಾಳಿಗೆ ಹೋಗುತ್ತದೆ. ಒಂದೇ ವಯಸ್ಸಿನ ಇಬ್ಬರು ಗೆಳೆಯರು ತಮ್ಮತಮ್ಮಲ್ಲಿ ಏನು ಅಂದುಕೊಂಡರೂ ಅದು ಅವರ ಸಲಿಗೆ. ಅವನಿಗೂ ತಿರುಗಿ ಅನ್ನುವ ಹಕ್ಕಿದೆ. ನಾನು ಬೇಡವೆನ್ನುವುದು ಮೇಲಿನಿಂದ ಕೆಳಕ್ಕೆ ಬೀಳುವ ಮಾತನ್ನು. ಕೂಲಿ ಕೊಡುವವನು ಕೂಲಿ ತೆಗೆದುಕೊಳ್ಳುವವನಿಗೆ ಬೈದಾಗ ಅವನು ತಿರುಗಿ ಬೈಯುವ ಹಾಗಿಲ್ಲ, ಎದ್ದುಹೋಗುವ ಹಾಗೂ ಇಲ್ಲ. ಅದು ಜಗಳವೂ ಅಲ್ಲ, ತಮಾಷೆಯೂ ಅಲ್ಲ, ಬರೀ ಹೊಡೆತ. 'ಸೈಟಿನ ಭಾಷೆಯೇ ಹಾಗೆ' ಎಂದು ನೀನು ಅನ್ನಬಹುದು. ಆ ಭಾಷೆ ಯಾವಾಗಲೂ ಯಾರ ಕಡೆಗೆ ಹರಿಯುತ್ತದೆ ಎಂದು ಒಂದು ದಿನ ಗಮನಿಸಿ ನೋಡು. ಅಂಗಡಿಗೆ ಬಂದ ಇಂಜಿನಿಯರಿಗೆ ಆ ಭಾಷೆಯಲ್ಲಿ ಯಾರೂ ಮಾತಾಡುವುದಿಲ್ಲ.

ಹೋಗೋ ಬಾರೋ ಎನ್ನುವುದರ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಅದು ಪ್ರೀತಿಯ ಮಾತೂ ಹೌದು, ನಾನೇ ನಿನ್ನನ್ನು ಹಾಗೆ ಕರೆಯುತ್ತೇನೆ. ಆದರೆ ಐವತ್ತು ದಾಟಿದ ಪೈಪು ಎತ್ತುವವನನ್ನು ಇಪ್ಪತ್ತೆಂಟರ ನೀನು 'ಬಾರೋ ಇಲ್ಲಿ' ಎಂದರೆ ಅದರಲ್ಲಿ ಪ್ರೀತಿ ಎಲ್ಲಿಂದ ಬರಬೇಕು? ಅವನ ಹೆಸರಿಗೆ ಒಂದು 'ಅಣ್ಣ' ಸೇರಿಸು. ಅದಕ್ಕೆ ಕಾಸು ಬೇಡ. ಕಿವಿ ಮಂದ ಇರುವವನಿಗೆ, ಕಾಲು ಎಳೆಯುವವನಿಗೆ ಅದನ್ನೇ ಅಡ್ಡಹೆಸರು ಮಾಡಿ ಕರೆಯುವ ಅಭ್ಯಾಸ ಅಂಗಡಿಗಳಲ್ಲಿ ಬಹಳ. ಬಿಹಾರದಿಂದ, ಒಡಿಶಾದಿಂದ ಬಂದ ಹುಡುಗರಿಗೆ ಊರಿನ ಹೆಸರನ್ನೇ ಬೈಗುಳ ಮಾಡುವುದೂ ಹಾಗೆಯೇ. ಇವತ್ತಿನಿಂದ ಅದು ನಿನ್ನ ಅಂಗಡಿಯಲ್ಲಿ ಬೇಡ. ತಾಯಿ, ತಂಗಿಯರನ್ನು ಎಳೆದು ತರುವ ಮಾತೂ ಬೇಡ. ಅವರು ನಿನ್ನ ಬೋರಿಗೆ ಏನು ಮಾಡಿದ್ದಾರೆ?

ಜಾತಿಯ ಹೆಸರು ಹಿಡಿದು ಬೈಯುವ ವಿಷಯ ಎಲ್ಲಕ್ಕಿಂತ ಗಂಭೀರ. ಎದುರಿಗೆ ಆ ಜಾತಿಯವರು ಇರಲಿ ಬಿಡಲಿ, ಕೆಟ್ಟ ಕೆಲಸಕ್ಕೆ, ಕೊಳಕಿಗೆ, ಒರಟುತನಕ್ಕೆ ಒಂದು ಜಾತಿಯ ಹೆಸರು ಅಂಟಿಸಿ ಮಾತಾಡುವುದು ನಮ್ಮ ನಾಲಿಗೆಗೆ ಯೋಚನೆಯಿಲ್ಲದೆ ಅಂಟಿಕೊಂಡು ಬಂದ ಪಾಪ. ಕೇಳಿದವನಿಗೆ ಅದು ಒಂದು ದಿನದ ಅವಮಾನವಲ್ಲ. ಅವನ ಅಪ್ಪ, ಅಜ್ಜ ಕೇಳಿಸಿಕೊಂಡದ್ದೆಲ್ಲ ಸೇರಿ ಎದೆಗೆ ಬಂದು ಹೊಡೆಯುತ್ತದೆ. ಕಾನೂನು ಸಹ ಇದನ್ನು ಬಾಯಿ ಜಾರಿದ್ದು ಎಂದು ಬಿಡುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯ 3(1)(ಆರ್) ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸುವುದು ಅಪರಾಧ. 3(1)(ಎಸ್) ಪ್ರಕಾರ ಹಾಗೇ ಸಾರ್ವಜನಿಕರ ಕಣ್ಣೆದುರು ಅವರನ್ನು ಜಾತಿ ಹೆಸರು ಹಿಡಿದು ನಿಂದಿಸುವುದು ಅಪರಾಧ. ಶಿಕ್ಷೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ, ಜೊತೆಗೆ ದಂಡ. ಅದೇ ಕಾಯಿದೆಯ 18ನೇ ಕಲಂ ನಿರೀಕ್ಷಣಾ ಜಾಮೀನಿಗೆ ತಡೆ ಹಾಕುತ್ತದೆ. ಹೊಲ ಖಾಸಗಿ ಜಾಗ ತಾನೇ ಎಂದುಕೊಳ್ಳಬೇಡ. ಹೊರಗಿನವರು ನಿಂತು ನೋಡುವಂತೆ, ಕೇಳುವಂತೆ ಇದ್ದರೆ ಖಾಸಗಿ ಜಾಗವೂ ಸಾರ್ವಜನಿಕರ ಕಣ್ಣೆದುರಿನ ಜಾಗವೇ ಆಗುತ್ತದೆ ಎಂದು ಕೋರ್ಟುಗಳು ಹೇಳಿವೆ. ಬೋರ್‌ವೆಲ್ಲಿನಿಂದ ಮೋಟಾರ್ ಎತ್ತುವಾಗ ಸುತ್ತ ಅರ್ಧ ಊರೇ ನಿಂತಿರುತ್ತದೆ ಎಂಬುದು ನಿನಗೇ ಗೊತ್ತು. ಬೇರೆ ಬೈಗುಳಗಳಿಗೂ ಕಲಂಗಳಿವೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾರ್ವಜನಿಕ ಜಾಗದ ಅಶ್ಲೀಲ ಮಾತಿಗೆ 296, ಕೆರಳಿಸಬೇಕೆಂದೇ ಮಾಡುವ ಅವಮಾನಕ್ಕೆ 352, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತಿಗೆ 79. ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಇದ್ದಾಳಲ್ಲ, ಅವಳ ಎದುರು ಆಡುವ ಮಾತಿಗೂ ಹೊಣೆ ಇದೆ ಎಂಬುದು ನೆನಪಿರಲಿ. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಬೈದರೆ ಸಾಕ್ಷಿಯನ್ನು ನೀನೇ ಕೈಯಾರೆ ಕಳಿಸಿದ ಹಾಗೆ.

ಕಾನೂನಿಗೆ ಹೆದರಿ ಬಾಯಿ ಕಟ್ಟು ಎಂದು ನಾನು ಹೇಳುತ್ತಿಲ್ಲ. ಅವನೂ ನಿನ್ನ ಹಾಗೇ ಮನುಷ್ಯ ಎಂಬುದೇ ಸಾಕಾದ ಕಾರಣ. ಅದರ ಜೊತೆಗೆ ಕಸುಬಿನ ಕಾರಣವೂ ಒಂದಿದೆ. ನಿನಗೆ ಅದನ್ನು ವಿವರವಾಗಿ ಹೇಳುವವರು ಬೇರೆ ಯಾರೂ ಸಿಗಲಿಕ್ಕಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ದೋಷ ಇರುವುದು ಆರುನೂರು ಅಡಿ ಕೆಳಗೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಮೇಲಿರುವ ನಮಗೆ ಸಿಗುವುದು ಸುದ್ದಿ ಮಾತ್ರ: ಮೀಟರ್ ಹೇಳುವ ಸುದ್ದಿ, ರೈತ ಹೇಳುವ ಸುದ್ದಿ, ಹುಡುಗ ಹೇಳುವ ಸುದ್ದಿ. ಬೈಗುಳ ಶುರುವಾದ ಕೂಡಲೇ ಕೊನೆಯ ಎರಡು ನಿಲ್ಲುತ್ತವೆ. ಅಲ್ಲಿಂದ ಮುಂದೆ ನೀನು ಹೇಳಿದ್ದಕ್ಕೆಲ್ಲ 'ಹೌದಣ್ಣ' ಎಂಬ ಉತ್ತರವೊಂದೇ ಬರುತ್ತದೆ.

'ಮೋಟಾರ್ ಸುಟ್ಟಿದೆ, ಎತ್ರೋ' ಎಂದು ನೀನು ಕೂಗಿದೆ ಎಂದುಕೋ. ಮೋಟಾರ್ ಚಾಲು ಮಾಡುವ ಸ್ಟಾರ್ಟರಿನಲ್ಲಿ ಒಂದು ಫ್ಯೂಸ್ ಕಪ್ಪಾಗಿರುವುದನ್ನು ಹುಡುಗ ನೋಡಿದ್ದಾನೆ. ಹೇಳಿದರೆ 'ನಿನಗೇನೋ ಗೊತ್ತು' ಎಂಬ ಮಾತಿನ ಜೊತೆ ಇನ್ನೂ ನಾಲ್ಕು ಮಾತು ಬರುತ್ತವೆ ಎಂದು ಅವನಿಗೆ ಗೊತ್ತು. ಸುಮ್ಮನಾಗುತ್ತಾನೆ. 600 ಅಡಿಗೆ 20 ಅಡಿಯ 30 ಪೈಪು. ಒಂದೂವರೆ ಇಂಚಿನ ಜಿಐ ಪೈಪೇ ಸುಮಾರು 650 ಕಿಲೋ ತೂಗುತ್ತದೆ. ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ, ಹಿಡಿದು ನಿಲ್ಲಿಸಿದ ನೀರು ಇನ್ನೂ 250 ಕಿಲೋ. ಇಷ್ಟನ್ನೂ ಚೈನ್ ಪುಲ್ಲಿಯಲ್ಲಿ ಎತ್ತಿ, ಬಿಚ್ಚಿ, ಮೋಟಾರ್ ಅಂಗಡಿಗೆ ತಂದು ನೋಡಿದರೆ ಒಳಗಿನ ತಂತಿಸುತ್ತು, ವೈಂಡಿಂಗ್, ಹೊಸದರಂತೆ ಇರುತ್ತದೆ. ಅರ್ಧ ದಿನ ಹೋಯಿತು, ನಾಲ್ಕು ಜನರ ಕೂಲಿ ಹೋಯಿತು, ರೈತನ ನಂಬಿಕೆ ಹೋಯಿತು. ಕಪ್ಪಾದ ಫ್ಯೂಸ್ ಇನ್ನೂ ಹಾಗೇ ಇದೆ.

ಆದ್ದರಿಂದ ಬಾಯಿ ಮಾಡುವ ಮುಂಚೆ ಮೀಟರ್ ಹಿಡಿ. ಎತ್ತುವ ಮಾತು ಬರುವ ಮೊದಲು ಮೇಲೆಯೇ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ಬರೆಯುತ್ತೇನೆ. ನಿನಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಅವಸರದಲ್ಲಿ ಬಿಟ್ಟುಬಿಡುತ್ತೀಯ, ಅದೇ ನನ್ನ ಚಿಂತೆ.

ರೈತನಿಂದ ಶುರು ಮಾಡು. 'ಏನ್ ಮಾಡಿದ್ರಿ ಮೋಟಾರಿಗೆ?' ಎಂದು ಕೇಳಬೇಡ. ಹಾಗೆ ಕೇಳಿದರೆ 'ನಾನೇನೂ ಮಾಡಿಲ್ಲ' ಎನ್ನುತ್ತಾನೆ, ಬಾಗಿಲು ಮುಚ್ಚಿತು. ನೀರು ದಿನೇದಿನೇ ಕಡಿಮೆಯಾಯಿತೋ, ಒಮ್ಮೆಲೇ ನಿಂತಿತೋ? ಸ್ವಿಚ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೋ, ಸ್ವಲ್ಪ ಹೊತ್ತು ಓಡಿ ಆಗುತ್ತದೋ? ರಾತ್ರಿ ಸಿಡಿಲು ಹೊಡೆಯಿತೇ? ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಅಥವಾ ಕಂಬದ ಮೇಲೆ ಯಾರಾದರೂ ಕೆಲಸ ಮಾಡಿ ಹೋದರೇ? ಈ ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಲೈನಿನಲ್ಲಿ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಶಬ್ದ ಬರುತ್ತದೆ, ಕರೆಂಟ್ ಎಳೆಯುತ್ತದೆ, ನೀರು ಮಾತ್ರ ಬರುವುದಿಲ್ಲ ಅಥವಾ ಸಣ್ಣಗೆ ಬರುತ್ತದೆ. ಸ್ಟಾರ್ಟರಿನಿಂದ ಹೊರಡುವ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಬದಲಿಸಿದರೆ ಹತ್ತು ನಿಮಿಷದ ಕೆಲಸ.

ಆಮೇಲೆ ವೋಲ್ಟೇಜ್. ಆರ್, ವೈ, ಬಿ ಎಂಬ ಮೂರು ಫೇಸುಗಳ ನಡುವೆ ಆರ್–ವೈ, ವೈ–ಬಿ, ಬಿ–ಆರ್ ಮೂರನ್ನೂ ಅಳೆ. ಮೋಟಾರ್ ಓಡದಿದ್ದಾಗ ಒಂದು ಸಲ, ಓಡುವಾಗ ಇನ್ನೊಂದು ಸಲ. ಹೆಸರಿಗೆ 415 ವೋಲ್ಟ್ ಇರಬೇಕು. ಎಷ್ಟರವರೆಗೆ ತಡೆಯುತ್ತದೆ ಎಂಬುದನ್ನು ಮೋಟಾರಿನ ನಾಮಫಲಕ ನೋಡಿ ತೀರ್ಮಾನಿಸು. ಓಡದಾಗ ಸರಿಯಿದ್ದು ಓಡಿಸಿದ ಕೂಡಲೇ ಒಂದು ಜೋಡಿಯಲ್ಲಿ ಮಾತ್ರ ಇಳಿದರೆ ಎಲ್ಲೋ ಕನೆಕ್ಷನ್ ಸಡಿಲ: ಫ್ಯೂಸ್ ಕ್ಯಾರಿಯರ್, ಕಂಬದ ಜಂಪರ್, ಮೀಟರ್ ಬೋರ್ಡಿನ ಲಗ್. ಒಂದು ಫೇಸ್ ಪೂರ್ತಿ ಹೋಗಿದ್ದರೆ ಮೋಟಾರ್ ಗುಂಯ್‌ಗುಡುತ್ತದೆ, ಏಳುವುದಿಲ್ಲ. ಓಡುತ್ತಿದ್ದಾಗ ಹೋದರೆ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟು ಏರುತ್ತದೆ. ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಕೆಲಸ ಮಾಡದಿದ್ದರೆ ವೈಂಡಿಂಗ್ ಸುಡಲು ಬಹಳ ಹೊತ್ತು ಬೇಡ. ಪ್ರಿವೆಂಟರ್ ಅನ್ನು ಯಾರೋ 'ಬೈಪಾಸ್' ಮಾಡಿ ಇಟ್ಟಿದ್ದಾರೆಯೇ ಎಂದು ತಪ್ಪದೆ ನೋಡು. ಮಾಡಿದ್ದು ರೈತನೇ ಆಗಿದ್ದರೂ ಅವನನ್ನು ನಾಲ್ಕು ಜನರೆದುರು ದಡ್ಡ ಎನ್ನಬೇಡ, ನೀರಿಗಾಗಿ ಮಾಡಿದ್ದಾನೆ. ಅದರಿಂದ ಏನಾಗುತ್ತದೆ ಎಂದು ವೈರ್ ತೋರಿಸಿ ಹೇಳು.

ಸ್ಟಾರ್ಟರ್ ಸರಿಯಿದ್ದರೆ ಮೆಗ್ಗರ್, ಅಂದರೆ ವೈರಿನ ಇನ್ಸುಲೇಶನ್ ಎಷ್ಟು ಗಟ್ಟಿ ಎಂದು ಅಳೆಯುವ ಮೀಟರ್. ಇಲ್ಲಿ ಒಂದು ಕಟ್ಟುನಿಟ್ಟು ಇರಲಿ: ಮೇನ್ ಆಫ್ ಮಾಡಿ, ಮೂರು ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಕೇಬಲ್ ಬಿಚ್ಚುವುದು. ಕೇಬಲಿನ ಮೂರು ವೈರನ್ನೂ ಸ್ಟಾರ್ಟರಿನಿಂದ ಬೇರೆ ಮಾಡದೆ ಮೆಗ್ಗರ್ ಹಾಕಿದರೆ ಸ್ಟಾರ್ಟರಿನ ದೋಷವನ್ನೂ ಮೋಟಾರಿನ ತಲೆಗೆ ಕಟ್ಟುತ್ತೀಯ. ಮೊದಲು ಮಲ್ಟಿಮೀಟರಿನಲ್ಲಿ ವೈರಿನಿಂದ ವೈರಿಗೆ ರೆಸಿಸ್ಟೆನ್ಸ್ ನೋಡು. ಮೂರೂ ಜೋಡಿ ಸಮ ಇರಬೇಕು. ಒಂದು ವೈರ್ ಸೇರಿದ ಎರಡೂ ಜೋಡಿ ತೋರಿಸದೇ ಹೋದರೆ ಆ ವೈರ್ ಎಲ್ಲೋ ಕಟ್ ಆಗಿದೆ. ನಂತರ 500 ವೋಲ್ಟ್ ಮೆಗ್ಗರಿನಲ್ಲಿ ಪ್ರತಿ ವೈರಿನಿಂದ ಅರ್ತಿಗೆ. ಬೋರಿನೊಳಗೆ ಕೇಬಲ್ ಸಮೇತ ಇಳಿದಿರುವ ಹೊಸ ಸೆಟ್ 2 ಮೆಗಾಓಮ್‌ಗಿಂತ ಮೇಲೆ ತೋರಿಸಬೇಕು. ಹಳೆಯದು 0.5ರ ಮೇಲಿದ್ದರೆ ಓಡಿಸಬಹುದು. ಅದಕ್ಕಿಂತ ಕೆಳಗಿಳಿದಿದ್ದರೆ ಕೇಬಲ್, ಜಾಯಿಂಟ್, ವೈಂಡಿಂಗ್ ಈ ಮೂರರಲ್ಲಿ ಒಂದು ಹಾಳಾಗುತ್ತಿದೆ. ಸೊನ್ನೆಗೆ ಬಿದ್ದಿದ್ದರೆ ಎತ್ತುವುದೇ ದಾರಿ, ಆಗ ಎತ್ತು.

ಮೆಗ್ಗರ್ ಅಂಕಿ ಸರಿಯಿದ್ದರೆ ಓಡಿಸಿ, ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕು. 5 ಎಚ್‌ಪಿ ಸಬ್‌ಮರ್ಸಿಬಲ್ ಸಾಮಾನ್ಯವಾಗಿ 8ರಿಂದ 10 ಆಂಪಿಯರ್ ಒಳಗೆ ಎಳೆಯುತ್ತದೆ, ಖಚಿತ ಅಂಕಿಗೆ ನಾಮಫಲಕವೇ ಪ್ರಮಾಣ. ಕರೆಂಟ್ ಬಹಳ ಕಡಿಮೆ, ನೀರೂ ಇಲ್ಲ ಎಂದರೆ ಒಂದೋ ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದಿದೆ, ಇಲ್ಲವೇ ಶಾಫ್ಟೋ ಕಪ್ಲಿಂಗೋ ಮುರಿದಿದೆ. ಯಾವುದು ಎಂದು ತಿಳಿಯಲು ಒಂದೆರಡು ಗಂಟೆ ಬಿಟ್ಟು ಮತ್ತೆ ಹಾಕು. ಸ್ವಲ್ಪ ಹೊತ್ತು ನೀರು ಬಂದು, ಆಮೇಲೆ ಗಾಳಿ ಸೇರಿ ಚಿಮ್ಮಿ, ಟಾಂಗ್ ಟೆಸ್ಟರಿನ ಅಂಕಿ ಕುಣಿದರೆ ಬೋರಿನಲ್ಲಿ ನೀರಿಲ್ಲ; ಮೋಟಾರಿನದು ತಪ್ಪಿಲ್ಲ, ಹುಡುಗರದೂ ಇಲ್ಲ. ಒಂದು ಹನಿಯೂ ಬರದಿದ್ದರೆ ಶಾಫ್ಟಿನ ಅನುಮಾನ ಗಟ್ಟಿ. ಕರೆಂಟ್ ಹೆಚ್ಚಿದ್ದರೆ ಮರಳು ಸೇರಿ ನೀರೆತ್ತುವ ಚಕ್ರ, ಇಂಪೆಲ್ಲರ್, ಹಿಡಿದಿರಬಹುದು, ಬೇರಿಂಗ್ ಸವೆದಿರಬಹುದು, ವೋಲ್ಟೇಜೇ ಕಡಿಮೆ ಇರಬಹುದು. ಕರೆಂಟ್ ಸುಮಾರಾಗಿ ಸರಿಯಿದ್ದು ನೀರು ಮಾತ್ರ ತಗ್ಗಿದ್ದರೆ ಪೈಪಿನಲ್ಲಿ ತೂತು ಅಥವಾ ಸವೆದ ಸ್ಟೇಜ್ (ಇಂಪೆಲ್ಲರಿನ ಒಂದೊಂದು ಅಂತಸ್ತು).

ಮೂರು ಫೇಸಿನಲ್ಲಿ ಕರೆಂಟ್ ಬೇರೆ ಬೇರೆ ತೋರಿಸಿದಾಗಲೇ ಬಹಳ ಜನ ತಪ್ಪು ನಿರ್ಧಾರಕ್ಕೆ ಬರುವುದು, ಅತಿ ಹೆಚ್ಚು ಬೈಗುಳ ಬೀಳುವುದೂ ಆಗಲೇ. 8, 8, 9.5 ಬಂತು ಎಂದುಕೋ. ಸರಾಸರಿ 8.5. ಸರಾಸರಿಯಿಂದ ಅತಿ ದೂರ ಇರುವುದು 9.5, ಅಂತರ 1. ಅದನ್ನು 8.5ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು ಶೇಕಡಾ 12. ಐದರೊಳಗೆ ಇರಬೇಕಾಗಿತ್ತು. ದೋಷ ಲೈನಿನದೋ ಮೋಟಾರಿನದೋ? ಊಹೆ ಬೇಡ, ವಾದವೂ ಬೇಡ. ಮೇನ್ ಆಫ್ ಮಾಡಿ, ಸ್ಟಾರ್ಟರಿನ ಆರ್, ವೈ, ಬಿ ತುದಿಗಳಿಗೆ ಕಟ್ಟಿದ ಮೋಟಾರ್ ವೈರುಗಳನ್ನು ಮೂರನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸು: ಆರ್‌ನಲ್ಲಿದ್ದದ್ದು ವೈಗೆ, ವೈನಲ್ಲಿದ್ದದ್ದು ಬಿಗೆ, ಬಿಯಲ್ಲಿದ್ದದ್ದು ಆರ್‌ಗೆ. ಮೂರನ್ನೂ ಸರಿಸಿದ್ದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಓಡಿಸಿ ಅಳೆ. ಇನ್ನೊಂದು ಸಲ ಸರಿಸಿ ಅಳೆ. ಒಂದು ಸ್ಟಾರ್ಟಿಗೂ ಇನ್ನೊಂದಕ್ಕೂ ನಡುವೆ ಕೆಲವು ನಿಮಿಷ ಬಿಡು, ಮೋಟಾರ್ ತಣಿಯಲಿ. ದೊಡ್ಡ ಅಂಕಿ ಮೂರು ಸಲವೂ ಸ್ಟಾರ್ಟರಿನ ಒಂದೇ ತುದಿಯಲ್ಲಿ ನಿಂತಿದ್ದರೆ ದೋಷ ಲೈನಿನದು. ಲೈನ್‌ಮನ್‌ಗೆ ಕಾಗದ ತೋರಿಸಿ ಮಾತಾಡು. ಮೋಟಾರಿನ ಒಂದೇ ವೈರಿನ ಜೊತೆ ಓಡಾಡಿದ್ದರೆ ದೋಷ ಕೇಬಲಿನದು ಅಥವಾ ಮೋಟಾರಿನದು. ಇದಕ್ಕೆ ಅರ್ಧ ಗಂಟೆ ಸಾಕು. ಒಂಬತ್ತು ಅಂಕಿ ಬರೆದುಕೊಳ್ಳಲು ಒಬ್ಬ ಹುಡುಗ ಪಕ್ಕದಲ್ಲಿ ಬೇಕು. ನೋಡಿದ ಅಂಕಿಯನ್ನು ನಿರ್ಭಯವಾಗಿ ಓದಿ ಹೇಳುವವನು ಬೇಕು. ನಿನ್ನ ಮುಖ ನೋಡಿಕೊಂಡು 'ಎಂಟೂವರೆ ಇರಬಹುದಣ್ಣ' ಎನ್ನುವವನಿಂದ ಈ ಪರೀಕ್ಷೆ ಆಗುವುದಿಲ್ಲ.

ಪ್ರಶ್ನೆ ಕೇಳುವ ರೀತಿಯನ್ನೂ ಇದರಿಂದಲೇ ಕಲಿ. 'ಈ ಜಾಯಿಂಟ್ ಯಾವನೋ ಹಾಕಿದ್ದು?' ಎಂಬ ಪ್ರಶ್ನೆಗೆ ಉತ್ತರ ಮೌನ. 'ಜಾಯಿಂಟ್ ಹಾಕಿದ ಮೇಲೆ ಬಕೆಟ್ ನೀರಲ್ಲಿ ಮುಳುಗಿಸಿ ಮೆಗ್ಗರ್ ನೋಡಿದಾಗ ಎಷ್ಟಿತ್ತು?' ಎಂಬ ಪ್ರಶ್ನೆಗೆ ಉತ್ತರ ಒಂದು ಅಂಕಿ, ಅಥವಾ 'ನೋಡಲಿಲ್ಲ' ಎಂಬ ಸತ್ಯ. ಎರಡೂ ನಿನಗೆ ಉಪಯೋಗ. 'ನೋಡಲಿಲ್ಲ' ಎಂದವನನ್ನು ಆ ಸತ್ಯಕ್ಕಾಗಿ ಬೈದರೆ, ಮುಂದಿನ ಸಲ 'ನೂರು ತೋರಿಸ್ತಣ್ಣ' ಎನ್ನುತ್ತಾನೆ, ನೀನು ಸೆಟ್ ಇಳಿಸುತ್ತೀಯ.

ಸುಳ್ಳು ಅಂಕಿಯ ಮೇಲೆ ಇಳಿದ ಜಾಯಿಂಟ್ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಹುಡುಗರಿಗೆ ಮಾತ್ರ ಕಾರಣ ಸಮೇತ ಹೇಳಿಕೊಡು. ಮೂರು ವೈರಿನ ಜಾಯಿಂಟ್ ಒಂದರ ಪಕ್ಕ ಒಂದು ಬರಬಾರದು, ಹಿಂದೆ ಮುಂದೆ ಇರಬೇಕು. ಒಂದು ಸೋರಿದರೂ ಇನ್ನೊಂದಕ್ಕೆ ತಾಗದಿರಲಿ ಎಂದು. ಇನ್ಸುಲೇಶನ್ ಮೇಲಿನ ಎಣ್ಣೆ, ಮಣ್ಣು ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಣಗಿದ ಮೇಲೆಯೇ ಟೇಪ್. ಬೆವರಿನ ಕೈಯ ತೇವ ಸಾಕು ಟೇಪ್ ಬಿಟ್ಟುಕೊಳ್ಳಲು. ಟೇಪನ್ನು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ, ಜಾಯಿಂಟಿನ ಎರಡೂ ಕಡೆ 2 ಇಂಚು ದಾಟುವವರೆಗೆ ಸುತ್ತಬೇಕು. ಮೋಟಾರಿನೊಳಗೆ ಶುದ್ಧ ನೀರು ತುಂಬಿ, ಸ್ವಲ್ಪ ಅಲ್ಲಾಡಿಸಿ, ಗುಳ್ಳೆ ಹೋಗಲು ಹತ್ತು ಹದಿನೈದು ನಿಮಿಷ ಬಿಟ್ಟು, ಕಡಿಮೆಯಾದಷ್ಟು ಮತ್ತೆ ತುಂಬಿ ಪ್ಲಗ್ ಹಾಕಬೇಕು. ಗಾಳಿ ಉಳಿದರೆ ಬೇರಿಂಗ್ ಒಣಗಿ ಓಡುತ್ತದೆ. 'ಬೇಗ ಇಳಿಸ್ರೋ' ಎಂದು ನೀನು ಬೈಯುವಾಗ ಅವರು ಮೊದಲು ಕತ್ತರಿಸುವುದು ಈ ಹದಿನೈದು ನಿಮಿಷವನ್ನೇ. ಬೈದರೆ ಕೈ ಚುರುಕಾಗುತ್ತದೆ ಎಂಬುದು ನಿಜ, ನಾನು ಇಲ್ಲವೆನ್ನುವುದಿಲ್ಲ. ಆ ಚುರುಕು ಕಣ್ಣಿಗೆ ಕಾಣದ ಕೆಲಸವನ್ನು ಬಿಟ್ಟು ಗಳಿಸಿದ ಚುರುಕು. ಇಳಿಸುವಾಗ ಐದೈದು ಪೈಪಿಗೆ ಒಮ್ಮೆ ಮೆಗ್ಗರ್ ಹಾಕಿಸು. ಕೇಬಲ್ ಕೇಸಿಂಗ್ (ಬೋರಿನ ಬಾಯಿಯ ಹೊರಪೈಪು) ಅಂಚಿಗೆ ತಾಗಿ ಸೀಳಿದ್ದರೆ ಐದು ಪೈಪಿನಲ್ಲೇ ಗೊತ್ತಾಗುತ್ತದೆ, ಮೂವತ್ತು ಇಳಿದ ಮೇಲಲ್ಲ.

ಇನ್ನು ಅತಿ ಮುಖ್ಯವಾದದ್ದು. ಬೋರಿನೊಳಗೆ ಏನಾದರೂ ಬಿದ್ದರೆ ಆ ಕ್ಷಣವೇ ನಿನಗೆ ತಿಳಿಯಬೇಕು. 6½ ಇಂಚಿನ ಬೋರಿನಲ್ಲಿ 6 ಇಂಚಿನ ಸೆಟ್ ಇದ್ದರೆ ಸುತ್ತ ಉಳಿಯುವ ಜಾಗ ಅರ್ಧ ಇಂಚೂ ಇರುವುದಿಲ್ಲ. ಕ್ಲ್ಯಾಂಪಿನ ಒಂದು ಬೋಲ್ಟ್ ಜಾರಿ ಒಳಗೆ ಬಿದ್ದು ಸೆಟ್ಟಿಗೂ ಗೋಡೆಗೂ ನಡುವೆ ಕೂತರೆ, ಎಳೆದಷ್ಟೂ ಬಿಗಿಯುತ್ತದೆ. ಬೀಳಿಸಿದವನು ತಕ್ಷಣ ಹೇಳಿದರೆ ಪುಲ್ಲಿ ನಿಲ್ಲಿಸಿ, ಎಳೆಯದೆ, ತಿರುಗಿಸದೆ, ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಇಳಿಸಿ ಹುಡುಕಬಹುದು. ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರೆ ನೀನು ಗೊತ್ತಿಲ್ಲದೆ ಎಳೆಯುತ್ತೀಯ. ಸೆಟ್, ಪೈಪ್, ಕೇಬಲ್, ಕೆಲವೊಮ್ಮೆ ಬೋರ್‌ವೆಲ್ಲೇ ಹೋಗುತ್ತದೆ. ಸಾಲ ಮಾಡಿ ಕೊರೆಸಿದ ಬೋರು ಅದು. ಹುಡುಗನಿಗೆ ಅವತ್ತು ನಾಲ್ಕು ಬೈಗುಳ ತಪ್ಪಿತು, ರೈತನ ಬದುಕೇ ಕೆಟ್ಟಿತು. ಇಂಥ ಸುದ್ದಿ ತಂದವನಿಗೆ ನಿನ್ನ ಮೊದಲ ಮಾತು 'ಹೇಳಿದ್ದು ಒಳ್ಳೇದಾಯ್ತು' ಎಂದೇ ಇರಬೇಕು. ಕಷ್ಟ, ಆ ಗಳಿಗೆಯಲ್ಲಿ ಎದೆ ಉರಿಯುತ್ತಿರುತ್ತದೆ. ಆದ್ದರಿಂದ ಆ ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರು. ಬೀಳದಂತೆ ನೋಡಿಕೊಳ್ಳಲು ಕೇಸಿಂಗ್ ಬಾಯಿಗೆ ಪೈಪಿನ ಸುತ್ತ ಗೋಣಿಚೀಲ ತುರುಕಿಸು, ರೆಂಚ್ ಸ್ಪ್ಯಾನರುಗಳಿಗೆ ಹಗ್ಗ ಕಟ್ಟಿಸು. ಸೆಟ್ ಪೂರ್ತಿ ಹೊರಗೆ ಬಂದ ಮೇಲೆ ಊಟಕ್ಕೆ ಹೋಗುವ ಹತ್ತು ನಿಮಿಷಕ್ಕೂ ಬೋರಿನ ಬಾಯಿಗೆ ಮುಚ್ಚಳ ಹಾಕಿ ಬಿಗಿಸಬೇಕು. ಮಕ್ಕಳು ಓಡಾಡುವ ಜಾಗ.

ಕೂಗಲೇಬೇಕಾದ ಸಮಯವೂ ಇದೆ. ಚೈನ್ ಜಾರುವಾಗ, ಟ್ರೈಪಾಡಿನ ಕಾಲು ಹೂತುಹೋಗುವಾಗ, ಪೈಪು ತೂಗಾಡಿ ಕರೆಂಟ್ ತಂತಿಯ ಕಡೆ ಹೋಗುವಾಗ ಮೆಲ್ಲಗೆ ಮಾತಾಡುವವನು ಬೇಕಾಗಿಲ್ಲ. ಅದಕ್ಕೆ ಮೂರು ಮಾತು ನಿಗದಿ ಮಾಡು: 'ಎತ್ತು', 'ಇಳಿಸು', 'ತಡಿ'. ಎತ್ತು, ಇಳಿಸು ಎನ್ನುವವನು ಒಬ್ಬನೇ. 'ತಡಿ' ಎಂದು ಯಾರು ಬೇಕಾದರೂ ಕೂಗಬಹುದು, ನಿನ್ನೆ ಸೇರಿದ ಹುಡುಗನೂ ಕೂಗಬಹುದು. ಕೂಗಿದ ಕೂಡಲೇ ಕೈ ನಿಲ್ಲಬೇಕು, ಕಾರಣ ಆಮೇಲೆ. ಅವನು ಸುಮ್ಮನೆ ಹೆದರಿ ಕೂಗಿದ್ದರೂ ಪರವಾಗಿಲ್ಲ, ಗೇಲಿ ಮಾಡಬೇಡ. ಇಡೀ ದಿನ ಕೂಗುವವನ ಕೂಗಿಗೆ ಅಪಾಯದ ಹೊತ್ತಿನಲ್ಲಿ ಬೆಲೆ ಇರುವುದಿಲ್ಲ. ಇದೂ ಮತ್ತೊಂದು ಬೈಗುಳ ಎಂದು ಹುಡುಗರು ತಲೆ ತಗ್ಗಿಸಿಕೊಂಡು ಎಳೆಯುತ್ತಲೇ ಇರುತ್ತಾರೆ.

ಮೃದುವಾಗಿ ಮಾತಾಡು ಎಂದರೆ ತಪ್ಪನ್ನು ಮುಚ್ಚಿಬಿಡು ಎಂದಲ್ಲ. ಅದು ಇನ್ನೊಂದು ಕಾಯಿಲೆ. 'ಪರವಾಗಿಲ್ಲ ಬಿಡು' ಎಂದು ನಗುತ್ತಾ ಹೇಳಿ, ಸಂಜೆ ಕೂಲಿಯಲ್ಲಿ ಹಿಡಿದುಕೊಳ್ಳುವವನಿಗಿಂತ ಬೈಯುವವನೇ ಎಷ್ಟೋ ವಾಸಿ. ಏನು ತಪ್ಪಾಗಿದೆ, ಏನು ಮಾಡಬೇಕು, ಯಾವಾಗ ಮತ್ತೆ ನೋಡುತ್ತೇನೆ, ಇಷ್ಟು ಹೇಳು. 'ಶಿವಣ್ಣ, ಈ ಟೇಪ್ ಅರ್ಧ ಮುಚ್ಚಿಲ್ಲ, ಬಿಚ್ಚಿ ಮತ್ತೆ ಸುತ್ತು, ಬಕೆಟ್ಟಿಗೆ ಹಾಕುವಾಗ ನನ್ನ ಕರಿ.' ಇದರಲ್ಲಿ ಬೈಗುಳವಿಲ್ಲ, ರಿಯಾಯಿತಿಯೂ ಇಲ್ಲ. ಅದೇ ತಪ್ಪು ಮೂರನೆಯ ಸಲ ಬಂದರೆ ಅವನನ್ನು ಜಾಯಿಂಟ್ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕು, ಕಾರಣವನ್ನು ಅವನೊಬ್ಬನಿಗೇ ಪಕ್ಕಕ್ಕೆ ಕರೆದು ಹೇಳು.

ಗಿರಾಕಿಗಳ ಬಾಯಿಯೂ ಕೆಡುತ್ತದೆ. ತೋಟ ಒಣಗುವಾಗ ಮನುಷ್ಯ ಕೂಗುತ್ತಾನೆ. ಎರಡು ಮೂರು ನಿಮಿಷ ನಡುವೆ ಬಾಯಿ ಹಾಕದೆ ಕೇಳು. 'ಸಮಾಧಾನ ಮಾಡ್ಕೊಳಿ' ಎನ್ನಬೇಡ, ಅದು ಉರಿಯುವುದಕ್ಕೆ ಎಣ್ಣೆ. ಗಿಡ ಎಷ್ಟು ವರ್ಷದ್ದು, ಎಷ್ಟು ದಿನದಿಂದ ನೀರಿಲ್ಲ, ಪಕ್ಕದವರ ಬೋರಿನಿಂದ ಒಂದು ಸರದಿ ನೀರು ಸಿಗುತ್ತದೆಯೇ ಎಂದು ಕೇಳು. ಕೇಳಿದಾಗ ಅವನಿಗೂ ಯೋಚಿಸಲು ದಾರಿ ಸಿಗುತ್ತದೆ. ಆಮೇಲೆ ನಡೆಸಿಕೊಡಬಲ್ಲ ಒಂದೇ ಒಂದು ಸಮಯ ಹೇಳು; ಸಂಜೆ ಆಗದಿದ್ದರೆ ಸಂಜೆ ಎನ್ನಬೇಡ, ನಾಳೆ ಹತ್ತು ಗಂಟೆ ಎನ್ನು. ಆದರೆ ಆ ಬೈಗುಳ ನಿನ್ನ ಹುಡುಗನ ಜಾತಿಗೋ ತಾಯಿಗೋ ತಗುಲಿದರೆ ನೀನು ಸುಮ್ಮನಿರಬಾರದು. ಕೈಯಲ್ಲಿದ್ದ ರೆಂಚ್ ಕೆಳಗಿಟ್ಟು, ದನಿ ಏರಿಸದೆ ಹೇಳು: 'ಕೆಲಸ ಮಾಡಿಕೊಡ್ತೀವಿ ಗೌಡ್ರೇ, ಆ ಮಾತು ಮಾತ್ರ ನಮ್ಮ ಹುಡುಗನಿಗೆ ಬೇಡ.' ಮುಂದುವರಿಸಿದರೆ ಪೈಪನ್ನು ಭದ್ರವಾಗಿ ಕ್ಲ್ಯಾಂಪ್ ಮಾಡಿ ಕೆಲಸ ನಿಲ್ಲಿಸು. ಒಬ್ಬ ಗಿರಾಕಿ ಹೋದರೂ ಹೋಗಲಿ. ಹುಡುಗರು ಅದನ್ನು ನೋಡುತ್ತಿರುತ್ತಾರೆ.

ಈಗಾಗಲೇ ಆಡಿಹೋದ ಮಾತುಗಳಿವೆ. ಯಾರ ಎದುರು ಬೈದೆಯೋ ಅವರ ಎದುರೇ ತಪ್ಪಾಯಿತು ಎಂದು ಹೇಳು. ಒಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರೆ ಅವಮಾನ ನಾಲ್ಕು ಜನರ ಮುಂದೆ, ಕ್ಷಮೆ ಕತ್ತಲಲ್ಲಿ ಎಂದಾಗುತ್ತದೆ. 'ತಪ್ಪಾಯ್ತು, ಆದರೆ ನೀನೂ...' ಎಂಬ 'ಆದರೆ' ಬೇಡ. ಕೆಲಸದ ತಪ್ಪಿನ ಮಾತನ್ನು ಮರುದಿನ ಬೇರೆಯಾಗಿ ಎತ್ತು. ಕ್ಷಮೆಯ ಜೊತೆ ಬಿರಿಯಾನಿ ಕೊಡಿಸಿ ಮುಗಿಸಿಬಿಡಬೇಡ. ಅವನು ಒಪ್ಪದಿದ್ದರೆ ಒತ್ತಾಯ ಮಾಡಬೇಡ, ಹೊತ್ತು ಬೇಕಾಗುತ್ತದೆ. ಇನ್ನೊಮ್ಮೆ ಬಾಯಿಗೆ ಬಂದಾಗ ಮಾಡಲು ಒಂದು ಕೆಲಸ ಇಟ್ಟುಕೋ: ಟಾಂಗ್ ಟೆಸ್ಟರ್ ಕೈಗೆ ತೆಗೆದುಕೊಂಡು ಮೂರು ಫೇಸ್ ಅಳೆದು ಬರೆದುಕೋ. ಆ ಎರಡು ನಿಮಿಷದಲ್ಲಿ ಕೋಪ ಪೂರ್ತಿ ಇಳಿಯುವುದಿಲ್ಲ, ಆದರೆ ಮಾತಾಡಲು ಕೈಯಲ್ಲಿ ಏನಾದರೂ ಇರುತ್ತದೆ.

ಪತ್ರದ ಜೊತೆ ಒಂದು ಕಾರ್ಡಿನ ನಮೂನೆ ಇಟ್ಟಿದ್ದೇನೆ. ದಿನಾಂಕ, ಓಡದಾಗಿನ ಮತ್ತು ಓಡುವಾಗಿನ ವೋಲ್ಟೇಜ್, ವೈರ್ ಸರಿಸಿ ಮೂರು ಸಲ ಅಳೆದ ಕರೆಂಟ್, ಮೆಗ್ಗರ್, ಪೈಪಿನ ಎಣಿಕೆ, ಜಾಯಿಂಟ್ ಎಷ್ಟು, ಬಕೆಟ್ ಪರೀಕ್ಷೆಯ ಅಂಕಿ, ಅಳೆದವನ ಹೆಸರು. ನೂರು ಪ್ರತಿ ತೆಗೆಸಿ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದೊಂದು ಅಂಟಿಸಿಬಿಡು. ಮುಂದಿನ ಸಲ ಹೋದವನಿಗೆ ಹಳೆಯ ಅಂಕಿ ಅಲ್ಲೇ ಸಿಗುತ್ತದೆ. ಅಕ್ಷರ ಬಾರದ ಹುಡುಗನಿಗೆ ಅಂಕಿ ಬರೆಯುವಷ್ಟು ನೀನೇ ಕಲಿಸು. ನಿನ್ನ ಮೆಗ್ಗರ್ ಬಹಳ ದಿನದಿಂದ ಕ್ಯಾಲಿಬ್ರೇಶನ್ ಆಗಿಲ್ಲ ಎಂದು ಅಕ್ಕ ಹೇಳಿದಳು. ಮಳೆಗಾಲಕ್ಕೆ ಮುಂಚೆ ತುಮಕೂರಿಗೆ ಕೊಟ್ಟು ಮಾಡಿಸಿಕೋ, ಟಾಂಗ್ ಟೆಸ್ಟರಿನ ಸೆಲ್ಲೂ ಬದಲಿಸು.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಹುಡುಗರೆಲ್ಲರನ್ನೂ ಕೇಳಿದೆ ಎಂದು ಹೇಳು.

ಇಂತಿ ನಿನ್ನ ಹಿತ ಬಯಸುವ
ಮಾವ